ನಿಮ್ಮದು ಯಾವೂರು

ಚಿಕಾಗೋದಿಂದ ಡೆಟ್ರಾಯಿಟಿಗೆ ಹೊರಟ ವ್ಯಾನು ಗ್ಯಾರಿ ಪಟ್ಟಣ ದಾಟುವ ಹೊತ್ತಿಗೆ ಭಾನು ಮನಸ್ಸಿನಲ್ಲೇ ನಿನ್ನೆಯ ಊಟದ ಮೇಜಿಗೆ ನಾಲ್ಕನೆಯ ಸಲ ಹೋಗಿ ಕೂತಾಗಿತ್ತು. ಚಿಕಾಗೋ ಪಕ್ಕದ ಸ್ಕೋಕಿಯ ಆ ಸಣ್ಣ ಹೋಟೆಲು, ಕಿಟಕಿಯ ಪಕ್ಕದ ಉದ್ದನೆಯ ಮೇಜು, ಮಧ್ಯದಲ್ಲಿ ಕ್ಯಾರೆಟ್ಟು ಮತ್ತು ಕುರಿಮಾಂಸ ಹಾಕಿ ಬೇಯಿಸಿದ ಅನ್ನದ ದೊಡ್ಡ ಹರಿವಾಣ, ತನಗೆಂದು ಬೇರೆ ತರಿಸಿಕೊಂಡ ಬದನೆಕಾಯಿ, ಎದುರಿಗೆ ಗುಲ್ಮಿರಾ, ಗುಲ್ಮಿರಾಳಿಂದ ಎರಡು ಕುರ್ಚಿ ಆಚೆಗೆ ಕರ್ನಲ್ ಸಾದಿರೊವ್. ನಾಲ್ಕು ಸಲವೂ ಭಾನು ಬಾಯಿ ಮುಚ್ಚಿಕೊಂಡಿರಲು ನೋಡಿದಳು. ನಾಲ್ಕು ಸಲವೂ ಸೌಟು ಎತ್ತಿ, ತಲೆ ಕೊಂಚ ವಾಲಿಸಿ, ಅಕ್ಕರೆಯಿಂದ ಕೇಳಿಯೇಬಿಟ್ಟಳು, ನಿಮ್ಮದು ಯಾವೂರು ಅಂತ. ಕೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಆ ಪ್ರಶ್ನೆ ಇಂಗ್ಲಿಷಿನದಲ್ಲ. ಈ ದೇಶದಲ್ಲಿ ಏನು ಕೆಲಸ ಮಾಡುತ್ತೀರಿ ಅಂತ ಕೇಳುತ್ತಾರೆ, ಟ್ರಾಫಿಕ್ ಹೇಗಿತ್ತು ಅಂತ ಕೇಳುತ್ತಾರೆ. ಎದುರಿಗೆ ಕೂತ ಹೆಂಗಸಿನ ತಟ್ಟೆಗೆ ಅನ್ನ ಬಡಿಸುತ್ತಾ ಊರು ಯಾವುದು, ಯಾರ ಮನೆಯವರು ಅಂತ ಕೇಳದಿದ್ದರೆ ಊಟವೇ ಮೈಗೆ ಹತ್ತುವುದಿಲ್ಲ ಎಂದುಕೊಂಡವರು ಇಡೀ ಇಲಿನಾಯ್ಸಿನಲ್ಲಿ ತನ್ನಂಥವರು ಮಾತ್ರ ಇರಬೇಕು. ನಿನ್ನೆ ಸಂಜೆ ಲೈಲ್ ಊರಿನ ತನ್ನ ಮನೆಗೆ ಹೋಗಿ ಮಗಳು ಅನಿಕಾಳ ಹತ್ತಿರ ಬಾಯಿ ಬಿಟ್ಟಾಗ ಅವಳು ಫೋನಿನಿಂದ ತಲೆ ಎತ್ತದೆ, "ಯು ಆಸ್ಕ್ ಎವ್ರಿಬಡಿ ದಟ್, ಅಮ್ಮಾ. ಯು ಆಸ್ಕ್ಡ್ ಮೈ ಡೆಂಟಿಸ್ಟ್," ಅಂದಿದ್ದಳು. ಡೆಂಟಿಸ್ಟನ್ನು ಕೇಳಿದ್ದು ನಿಜ. ಆದರೆ ಡೆಂಟಿಸ್ಟನ ತಮ್ಮನನ್ನು ಯಾರೂ ಮೂರು ದಿನ ಠಾಣೆಯಲ್ಲಿ ಕೂಡಿಹಾಕಿರಲಿಲ್ಲ.

ಭಾನುವಿಗೆ ತನ್ನ ಕೆಲಸ ಗೊತ್ತಿತ್ತು. ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದಳು, ಚೆನ್ನಾಗಿ ಮಾಡುತ್ತಿದ್ದಳು, ಹಾಗೆಂದು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆ ಬೇರೆ ಬೇರೆ ದೇಶಗಳ ಅಧಿಕಾರಿಗಳನ್ನು ಕರೆಸಿಕೊಳ್ಳುತ್ತದೆ. ಅವರನ್ನು ಊರೂರು ಸುತ್ತಿಸಿ, ಜನರ ಜೊತೆ ಮಾತಾಡಿಸಿ, ಕೊನೆಗೊಂದು ವರದಿ ಬರೆಯುವುದು ಚಿಕಾಗೋದಲ್ಲಿರುವ ಭಾನುವಿನ ಸಂಸ್ಥೆಯ ಪಾಲಿನದು. ಈ ಸಲ ಬಂದವರು ಕರ್ನಲ್ ಸಾದಿರೊವ್ ಮತ್ತು ಅವನ ಜೊತೆಯ ನಾಲ್ವರು, ಒಟ್ಟು ಐದು ಜನ ಪೊಲೀಸ್ ಅಧಿಕಾರಿಗಳು. ಸೋವಿಯತ್ ಒಕ್ಕೂಟ ಒಡೆದಾಗ ಹುಟ್ಟಿಕೊಂಡ ಒಂದು ಸಣ್ಣ ದೇಶದವರು. ಅಲ್ಲಿ ಸುಧಾರಣೆ ನಡೆಯುತ್ತಿದೆ: ಹೊಸ ಸಮವಸ್ತ್ರ, ಎದೆಯ ಮೇಲೆ ಕ್ಯಾಮೆರಾ, ಹಿಡಿದು ತಂದವರ ಹೆಸರು ಬರೆಯಲು ಹೊಸ ರಿಜಿಸ್ಟರು. ಮಾನವ ಹಕ್ಕುಗಳ ಬಗ್ಗೆ ಮಾತುಕತೆ ಎಂದರೆ ಅವರಿಗೆ ಉಪದೇಶ ಮಾಡುವುದಲ್ಲ, ಅವರ ಪೊಲೀಸರ ಕೈಯಲ್ಲಿ ನೊಂದವರನ್ನು ಒಂದೇ ಕೋಣೆಯಲ್ಲಿ ಅವರೆದುರು ಕೂರಿಸಿ ಮಾತಾಡಿಸುವುದು, ಇದು ಭಾನುವಿನ ಪದ್ಧತಿ. ಅದಕ್ಕೆ ನಿಯಮಗಳನ್ನು ಬರೆದವಳೂ ಅವಳೇ. ಮಾತಾಡಲು ಬಂದವರಿಗೆ ಅಂದಿನ ಮಟ್ಟಿಗೆ ಬೇರೆ ಹೆಸರು. ಫೋಟೋ ಇಲ್ಲ. ಅವರ ಊರನ್ನು ಯಾರೂ ಕೇಳಕೂಡದು. ಊಟಕ್ಕೆ ಮೊದಲೇ ಅವರನ್ನು ಕಳಿಸಿಬಿಡಬೇಕು. ಇವುಗಳಲ್ಲಿ ಯಾವುದನ್ನು ಯಾರು ಮುರಿದರೂ ಇಪ್ಪತ್ನಾಲ್ಕು ಗಂಟೆಯೊಳಗೆ ಹೊತ್ತು ಹಾಕಿ ಬರೆದು ವಾಷಿಂಗ್ಟನ್ನಿಗೆ ತಿಳಿಸಬೇಕು, ಮುರಿದವರು ಕಾರ್ಯಕ್ರಮದಿಂದ ಹೊರಗೆ ಹೋಗಬೇಕು. ಆ ಕೊನೆಯ ವಾಕ್ಯ ಬರೆದ ದಿನ ತನ್ನ ಕಟ್ಟುನಿಟ್ಟಿನ ಬಗ್ಗೆ ಅವಳಿಗೇ ಹೆಮ್ಮೆಯಾಗಿತ್ತು.

ನಿನ್ನೆ ಗುಲ್ಮಿರಾ 'ಲೀನಾ' ಎಂಬ ಹೆಸರಿನಲ್ಲಿ ಬಂದಿದ್ದಳು. ಅದೇ ದೇಶದಿಂದ ಬಂದು ಸ್ಕೋಕಿಯಲ್ಲೇ ಹನ್ನೊಂದು ವರ್ಷದಿಂದ ಇರುವವಳು, ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿ. ಕೈಯನ್ನು ಮೇಜಿನ ಮೇಲೆ ಮಡಚಿಟ್ಟು, ಯಾರ ಹೆಸರೂ ಹೇಳದೆ, ತನ್ನ ದೇಶದ ಒಬ್ಬ ಎಲೆಕ್ಟ್ರೀಷಿಯನ್ನನ ವಿಷಯ ಹೇಳಿದಳು. ಅವನನ್ನು ಠಾಣೆಯಲ್ಲಿ ಮೂರು ದಿನ ಇಟ್ಟುಕೊಂಡಿದ್ದರು, ರಿಜಿಸ್ಟರಿನಲ್ಲಿ ಒಂದು ರಾತ್ರಿ ಅಂತ ಇದೆ, ಹೊರಗೆ ಬಂದ ಮೇಲೆ ಅವನಿಗೆ ಬಲಗಿವಿ ಕೇಳಿಸುವುದಿಲ್ಲ. ಇಷ್ಟೇ. ಅಳಲಿಲ್ಲ. ಆ ಎಲೆಕ್ಟ್ರೀಷಿಯನ್ ಅವಳ ತಮ್ಮ ಎಂಬುದು ಆ ಕೋಣೆಯಲ್ಲಿ ಭಾನುವಿಗೊಬ್ಬಳಿಗೆ ಗೊತ್ತಿತ್ತು. ಮಾತು ಮುಗಿದಾಗ ಗುಲ್ಮಿರಾ ಕೋಟು ಹಾಕಿಕೊಳ್ಳುತ್ತಿದ್ದಳು, ಮಧ್ಯಾಹ್ನ ಹನ್ನೆರಡಾಗಿತ್ತು, ಹಸಿದ ಹೊತ್ತಿನಲ್ಲಿ ಮನುಷ್ಯರನ್ನು ಹಾಗೆಯೇ ಕಳಿಸುವುದು ಹೇಗೆ? ಒಂದು ತುತ್ತು ಉಂಡು ಹೋಗಿ ಅಂತ ಕೈ ಹಿಡಿದು ಕೂರಿಸಿದವಳು ಭಾನು. ಅದು ಮೊದಲ ತಪ್ಪು. ಊರು ಕೇಳಿದ್ದು ಎರಡನೆಯದು. ಗುಲ್ಮಿರಾ ತಟ್ಟನೆ, ಮುಖವೆಲ್ಲ ಅರಳಿಸಿಕೊಂಡು, "ಚಿನ್‌ಬುಲಾಕ್" ಅಂದಳು. ಆಮೇಲೆ ಚಮಚ ಹಿಡಿದ ಕೈ ಹಾಗೆಯೇ ನಿಂತಿತು. ಕರ್ನಲ್ ಸಾದಿರೊವ್ ಬ್ರೆಡ್ಡು ಮುರಿಯುತ್ತಿದ್ದವನು ತಲೆ ಎತ್ತಿ, ಒಳ್ಳೆಯ ಇಂಗ್ಲಿಷಿನಲ್ಲಿ, "ಚಿನ್‌ಬುಲಾಕೇ? ನಾನು ಅಲ್ಲಿ ಎರಡು ವರ್ಷ ಇದ್ದೆ. ನೀವು ಓದಿದ್ದು ಹಿಟ್ಟಿನ ಗಿರಣಿ ಹತ್ತಿರದ ಸ್ಕೂಲಿನಲ್ಲಾ, ರೈಲ್ವೆ ಸ್ಟೇಷನ್ ಹತ್ತಿರದ್ದರಲ್ಲಾ?" ಎಂದು ಕೇಳಿದ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಲವತ್ತಾಗಿತ್ತು. ಭಾನು ಗಡಿಯಾರ ನೋಡಿದ್ದು ಹೊತ್ತು ತಿಳಿಯುವುದಕ್ಕಲ್ಲ, ಗುಲ್ಮಿರಾಳ ಮುಖ ನೋಡಲಾರದೆ.

ಎರಡು ಸ್ಕೂಲಿರುವ ಊರು. ಅಲ್ಲಿ ಒಂದು ಕಿವಿ ಕೇಳದ ಎಲೆಕ್ಟ್ರೀಷಿಯನ್ ಎಷ್ಟು ಜನ ಇರುತ್ತಾರೆ? ಒಂದು ಫೋನು ಸಾಕು.

"ಮೇಡಂ, ಒಂದ್ ಮಾತ್ ಹೇಳ್ಲ್ಯಾ?" ಅಂದ ಕಲ್ಮೇಶ್. ಗದಗಿನ ಕಡೆಯವನು, ಸಂಸ್ಥೆಯಲ್ಲಿ ಭಾನುವಿನ ಕೈಕೆಳಗಿನವನು. ಈಗ ವ್ಯಾನು ಡ್ರೈವ್ ಮಾಡುತ್ತಿದ್ದ, ಮಧ್ಯಾಹ್ನ ಡೆಟ್ರಾಯಿಟಿನಲ್ಲಿ ನಡೆಯಲಿರುವ ಸಭೆಯ ನಡಾವಳಿ ಬರೆದುಕೊಳ್ಳುವವನೂ ಅವನೇ. ಹಿಂದಿನ ಸೀಟುಗಳಲ್ಲಿ ನಾಲ್ಕು ಜನ ಅಧಿಕಾರಿಗಳೂ ದುಭಾಷಿಯೂ ತೂಕಡಿಸುತ್ತಿದ್ದರು. ಕರ್ನಲ್ ಎಚ್ಚರವಾಗಿದ್ದ. ಆದರೆ ಕನ್ನಡ ಆ ವ್ಯಾನಿನಲ್ಲಿ ಬಾಗಿಲು ಹಾಕಿದ ಕೋಣೆಯಂತಿತ್ತು, ಒಳಗೆ ಇಬ್ಬರೇ.

"ಹೇಳಿ."

"ನಿನ್ನೀದು ಬರೀಬ್ಯಾಡ್ರಿ. ಯಾರೂ ಲಕ್ಷ್ಯ ಕೊಟ್ಟಿಲ್ರಿ ಅದಕ್ಕ. ಆ ಸಾಹೇಬ್ರು ಊಟದ ಮ್ಯಾಲೇ ಇದ್ರು."

"ನೀವು ಕೊಟ್ಟಿದೀರಲ್ಲ ಲಕ್ಷ್ಯ."

"ನಾ ನಿಮ್ಮ ಕಡಿಯಾಂವ ರೀ." ಅವನು ಲಾರಿಯೊಂದನ್ನು ದಾಟಿ ಬಲಕ್ಕೆ ಬಂದ. "ನೀವ್ ಬರದ್ರ ನಿಮ್ಮನ್ನ ತಗದು ಹಾಕ್ತಾರ. ಮುಂದಿನ ವರ್ಷದ ಪ್ರೋಗ್ರಾಂ ಯಾರ್ ಮಾಡವ್ರು? ಮತ್ತ, ನೀವ್ ಬರದ್ರ ಆ ಊರಿನ ಹೆಸರು ಇನ್ನಾ ಹತ್ ಮಂದಿಗೆ ಗೊತ್ತಾಗತೈತಿ. ಆ ಹೆಣ್ಮಗಳಿಗೇ ತ್ರಾಸು. ನಾವು ಬರೀಲಿಲ್ಲಂದ್ರ ಅದು ಆಗೇ ಇಲ್ಲ, ಅಷ್ಟ ನೋಡ್ರಿ."

ಕಲ್ಮೇಶನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಕಷ್ಟ. ತನಗೆ ಅನುಕೂಲವಾದದ್ದೂ ಇನ್ನೊಬ್ಬರಿಗೆ ಒಳ್ಳೆಯದೂ ಎಷ್ಟು ಚೆನ್ನಾಗಿ ಒಂದಕ್ಕೊಂದು ಹೊಂದಿಕೊಂಡುಬಿಡುತ್ತವೆ ಎಂದು ಭಾನುವಿಗೆ ಆಶ್ಚರ್ಯವಾಯಿತು. ನಿನ್ನೆ ರಾತ್ರಿ ಗಂಡ ಪ್ರಸಾದನೂ ಇದನ್ನೇ ಹೇಳಿದ್ದ, ಅವನ ಮೆದು ಧ್ವನಿಯಲ್ಲಿ, ಪಾತ್ರೆಗಳನ್ನು ಮೆಷೀನಿಗೆ ಜೋಡಿಸುತ್ತಾ. ಹೌದು, ಬರೆಯದೇ ಇರುವುದರಲ್ಲಿ ದಯೆಯಿದೆ, ವಿವೇಕವಿದೆ, ಇನ್ನೊಬ್ಬರ ಕ್ಷೇಮದ ಯೋಚನೆಯೂ ಇದೆ. ಬರೆಯದೇ ಇದ್ದವರಲ್ಲಿ ಯಾರಾದರೂ ಕೇಡಿಗರು ಇದ್ದರೇ? ಅಪ್ಪನ ಕೈಬರಹ ಎಷ್ಟು ಚೆಂದವಿತ್ತು. ಮದ್ದಿನಕೆರೆಯಲ್ಲಿ ಲಗ್ನಪತ್ರಿಕೆಯ ಕರಡು ಬರೆಸಲು, ದುಬೈಗೆ ಹೋದ ಮಗನಿಗೆ ಕಾಗದ ಬರೆಸಲು ಜನ ಪೊಲೀಸ್ ಕ್ವಾರ್ಟರ್ಸಿಗೆ ಬರುತ್ತಿದ್ದರು. ಅಪ್ಪ ಠಾಣೆಯ ರೈಟರ್. ಹೆಡ್ ಕಾನ್‌ಸ್ಟೇಬಲ್ಲೇ, ಆದರೆ ಲಾಠಿ ಗೋಡೆಗೆ ಒರಗಿಸಿಟ್ಟು ಪೆನ್ನು ಹಿಡಿದವರು. ಠಾಣೆಗೆ ಯಾರು ಬಂದರು, ಯಾರು ಹೋದರು, ಯಾವ ಹೊತ್ತಿಗೆ, ಎಲ್ಲವನ್ನೂ ಡೈರಿಯಲ್ಲಿ ಬರೆಯುವವರು. ಒಂಬತ್ತು ವರ್ಷದ ಭಾನು ಬೆಳಿಗ್ಗೆ ಉಪ್ಪಿಟ್ಟಿನ ಡಬ್ಬಿ ತೆಗೆದುಕೊಂಡು ಹೋದಾಗ ಒಳಗಿನ ಬೆಂಚಿನ ಮೇಲೆ ನೀಲಿ ಚೌಕಳಿ ಲುಂಗಿಯ ಒಬ್ಬ ಕೂತಿದ್ದ. ಒಂದೇ ಕಾಲಿಗೆ ಚಪ್ಪಲಿ. ಅವನು ಅವಳನ್ನು ನೋಡಲಿಲ್ಲ, ಡಬ್ಬಿಯನ್ನು ನೋಡುತ್ತಿದ್ದ. ಹಿಂದಿನ ದಿನ ಸಾಯಂಕಾಲವೂ ಅವನು ಅಲ್ಲೇ ಕೂತಿದ್ದುದನ್ನು ಅವಳು ಕಂಡಿದ್ದಳು. ಯಾರಪ್ಪಾ ಅವರು, ಅಂತ ಕೇಳಿದಳು. ಅಪ್ಪ ಡೈರಿಯಿಂದ ತಲೆ ಎತ್ತಿ ಬೆಂಚಿನ ಕಡೆ ನೋಡಿ, ಏನೂ ನಡೆದಿಲ್ಲವೆಂಬಂತೆ, "ಯಾರೂ ಇಲ್ವಲ್ಲ ಮಗ. ಅವನಿನ್ನೂ ಬಂದಿಲ್ಲ. ಸಾಯಂಕಾಲ ಬರ್ತಾನೆ," ಅಂದರು.

ಅವಳಿಗೆ ಅದು ಅರ್ಥವಾದದ್ದು ಲಾ ಕಾಲೇಜಿನಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ತರಗತಿಯ ಮಧ್ಯೆ. ಹಿಡಿದು ತಂದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಗಂಟೆ ಎಣಿಕೆ ಶುರುವಾಗುವುದು ಡೈರಿಯಲ್ಲಿ ಬರೆದ ಹೊತ್ತಿನಿಂದ. ಹಾಗಾಗಿ ಅಪ್ಪ ಪುಟದಲ್ಲಿ ಎರಡೋ ಮೂರೋ ಸಾಲು ಖಾಲಿ ಬಿಟ್ಟು ಮುಂದಿನದನ್ನು ಬರೆಯುತ್ತಿದ್ದರು, ಬೇಕಾದಾಗ ಬೇಕಾದ ಹೊತ್ತಿಗೆ ಅವನನ್ನು ಬರಮಾಡಿಕೊಳ್ಳುವುದಕ್ಕೆ. ಅಪ್ಪ ಯಾರ ಮೇಲೂ ಕೈ ಎತ್ತಿದವರಲ್ಲ. ಹೊಡೆಯುವವರು ಬೇರೆ ಇದ್ದರು. ಅಪ್ಪ ಸಾಲು ಬಿಡುತ್ತಿದ್ದರು, ಅಷ್ಟೇ. ಆವತ್ತು ಅವರು ಅರ್ಧ ಉಪ್ಪಿಟ್ಟು ಉಳಿಸಿ ಡಬ್ಬಿ ವಾಪಸು ಕೊಟ್ಟರು. ಆ ಉಳಿದರ್ಧವನ್ನು ಬೆಂಚಿನವನಿಗೆ ಕೊಡಲೇ ಎಂದು ಅವಳಿಗೆ ಅನ್ನಿಸಿತ್ತು, ಚೆನ್ನಾಗಿ ನೆನಪಿದೆ. ಬಂದಿಲ್ಲದವನಿಗೆ ಹೇಗೆ ಕೊಡುವುದು? ಅವನ ಮುಂದೆಯೇ ಡಬ್ಬಿ ಹಿಡಿದುಕೊಂಡು ನಡೆದು ಹೋದಳು. ಬಂದವರಿಗೆಲ್ಲ ಬಲವಂತ ಮಾಡಿ ಬಡಿಸುವ ತನ್ನ ಚಟಕ್ಕೆ ಅದೇ ಕಾರಣವೋ ಏನೋ. ಹಾಗೆ ಯೋಚಿಸುವುದೂ ತನ್ನನ್ನು ತಾನು ಮುದ್ದುಮಾಡಿಕೊಂಡಂತೆ ಎನ್ನಿಸಿ ಭಾನುವಿಗೆ ತನ್ನ ಮೇಲೆಯೇ ರೇಗಿತು. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ನಮ್ಮ ತಂದೆ ಸರ್ಕಾರಿ ಕೆಲಸದಲ್ಲಿದ್ದರು ಎನ್ನುತ್ತಿದ್ದಳು. ರಿಜಿಸ್ಟರಿನಲ್ಲಿ ಖಾಲಿ ಸಾಲು ಬಿಡಕೂಡದೆಂದು ಎಷ್ಟು ದೇಶಗಳ ಪೊಲೀಸರಿಗೆ ಪಾಠ ಹೇಳಿದ್ದಳು, ಅದನ್ನು ಯಾರ ಸಾಲಿನಿಂದ ಕಲಿತೆ ಎಂದು ಒಬ್ಬರಿಗೂ ಹೇಳಿರಲಿಲ್ಲ.

ಹಿಂದಿನಿಂದ ಒಂದು ಕೈ ಮುಂದೆ ಬಂತು. ಅಂಗೈಯಲ್ಲಿ ಒಣಗಿದ ಏಪ್ರಿಕಾಟ್. "ನಮ್ಮ ಮನೆಯ ಮರದ್ದು," ಅಂದ ಕರ್ನಲ್. ಐವತ್ತೆಂಟು ವರ್ಷ, ಮಂಡಿನೋವು, ಮೊಮ್ಮಗಳ ಫೋಟೋವನ್ನು ಮೊದಲನೆಯ ದಿನವೇ ತೋರಿಸಿದ್ದ. ಚಿಕಾಗೋದ ತರಬೇತಿಯಲ್ಲಿ ಉಳಿದವರೆಲ್ಲ ಕ್ಯಾಮೆರಾ ಎಷ್ಟು ಹೊತ್ತು ಓಡುತ್ತದೆ ಅಂತ ಕೇಳಿದರೆ ಅವನೊಬ್ಬ, ರಿಜಿಸ್ಟರಿಟ್ಟ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿದ್ದ. ಭಾನುವಿಗೆ ಅವನು ಇಷ್ಟವಾಗಿದ್ದ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಅಂದುಕೊಂಡು ಹಣ್ಣು ಬಾಯಿಗೆ ಹಾಕಿಕೊಂಡಳು. ಹುಳಿ, ಆಮೇಲೆ ಸಿಹಿ.

"ನಮ್ಮ ಚಿನ್‌ಬುಲಾಕಿನ ಹೆಣ್ಣುಮಗಳು ಡೆಟ್ರಾಯಿಟಿಗೆ ಬರುವುದಿಲ್ಲವೇ?"

"ಇಲ್ಲ," ಅಂದಳು ಭಾನು, ತಿರುಗದೆ.

"ಪಾಪ," ಅಂದ ಅವನು. "ಮನೆಯವರ ನೆನಪು ಬಂದಿರುತ್ತದೆ." ಅದು ಸಹಾನುಭೂತಿಯೋ, ತನಗೆ ಗೊತ್ತಾಗಿದೆ ಎಂದು ತಿಳಿಸುವ ರೀತಿಯೋ, ಆ ಧ್ವನಿಯಲ್ಲಿ ಎರಡಕ್ಕೂ ಜಾಗವಿತ್ತು. 'ನಮ್ಮ' ಎಂದದ್ದು ಮಾತ್ರ ಅವಳ ಬೆನ್ನಿನಲ್ಲಿ ಉಳಿಯಿತು.

ಮಿಶಿಗನ್ ಗಡಿ ದಾಟುತ್ತಲೇ ಕಾಲವಲಯ ಬದಲಾಗಿ ಫೋನಿನಲ್ಲಿ ಗಂಟೆ ಏಳು ಐವತ್ತೆರಡರಿಂದ ಎಂಟು ಐವತ್ತೆರಡಕ್ಕೆ ಹಾರಿತು. ಒಂದು ಗಂಟೆ ಎಲ್ಲಿಗೂ ಹೋಗದೆ ಹೋಯಿತು. ಭಾನುವಿಗೆ ಇದು ಪ್ರತಿ ಸಲವೂ ತಮಾಷೆ ಅನ್ನಿಸುತ್ತಿತ್ತು. ಈ ಸಲ ಬೆರಳು ಮಡಚಿ ಎಣಿಸಿದಳು. ನಿನ್ನೆಯ ಹನ್ನೆರಡು ನಲವತ್ತಕ್ಕೆ ಇಪ್ಪತ್ನಾಲ್ಕು ಗಂಟೆ ತುಂಬುವುದು ಚಿಕಾಗೋದ ಹೊತ್ತಿನಲ್ಲೋ ಇಲ್ಲಿಯದರಲ್ಲೋ ಎಂದು ತಾನು ಆಗಲೇ ಲೆಕ್ಕ ಹಾಕತೊಡಗಿದ್ದೇನೆ, ಎಲ್ಲಿ ಎಷ್ಟು ನಿಮಿಷ ಸಿಗುತ್ತದೆ ಎಂದು ಹುಡುಕುತ್ತಿದ್ದೇನೆ ಎಂಬುದು ಗೊತ್ತಾಗಿ ಅವಳಿಗೆ ನಗು ಬಂತು. ರೈಟರ ಮಗಳು. ಹೆದ್ದಾರಿ ಪಕ್ಕದ ವೆಲ್‌ಕಮ್ ಸೆಂಟರಿನಲ್ಲಿ ನಿಲ್ಲಿಸಿ ಎಂದು ಕಲ್ಮೇಶನಿಗೆ ಹೇಳಿದಳು. ಎಲ್ಲರೂ ಇಳಿದು ಕಾಲು ಚಾಚಿದರು. ಅಕ್ಟೋಬರಿನ ಚಳಿಗಾಳಿ, ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಕರ್ನಲ್ ಮಂಡಿ ತಿಕ್ಕಿಕೊಳ್ಳುತ್ತಾ ಗೋಡೆಯ ಮೇಲಿನ ದೊಡ್ಡ ನಕ್ಷೆಯ ಮುಂದೆ ನಿಂತ. ಭಾನು ಪಾರ್ಕಿಂಗಿನ ಕೊನೆಯವರೆಗೆ ನಡೆದು, ನಿನ್ನೆ ಸಂಜೆಯಿಂದ ಮೂರು ಸಲ ತೆಗೆದು ಮೂರು ಸಲ ಮುಚ್ಚಿದ್ದ ನಂಬರನ್ನು ಒತ್ತಿದಳು.

ಗುಲ್ಮಿರಾ ಮೊದಲ ರಿಂಗಿಗೇ ಎತ್ತಿದಳು. "ನಿಮ್ಮ ಫೋನಿಗೇ ಕಾಯುತ್ತಿದ್ದೆ. ರಾತ್ರಿಯೇ ಮಾಡುತ್ತೀರಿ ಅಂದುಕೊಂಡಿದ್ದೆ."

"ಧೈರ್ಯವಾಗಲಿಲ್ಲ," ಅಂದಳು ಭಾನು. ಸಮರ್ಥನೆಗಳನ್ನು ಅವಳು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ. "ತಪ್ಪು ನನ್ನದು. ನಿಮ್ಮನ್ನು ಊಟಕ್ಕೆ ಕೂರಿಸಿದ್ದೂ ನಾನು, ಊರು ಕೇಳಿದ್ದೂ ನಾನು. ಕ್ಷಮಿಸಿ."

ಆ ಕಡೆ ಬಸ್ಸಿನ ಬಾಗಿಲು ಮುಚ್ಚಿದ ಸದ್ದು. ಅವಳು ಸ್ಟಾಪಿನಲ್ಲಿರಬೇಕು. "ನೀವು ಕಳಿಸಿದ ಕಾಗದದಲ್ಲಿ ಒಂದು ನಿಯಮ ಇತ್ತಲ್ಲ, ನಿಮ್ಮ ಊರನ್ನು ಯಾರೂ ಕೇಳುವುದಿಲ್ಲ ಅಂತ. ಅದನ್ನು ಓದಿ ನಗು ಬಂದಿತ್ತು ನನಗೆ. ಈ ದೇಶದಲ್ಲಿ ಯಾರು ಕೇಳುತ್ತಾರೆ? ಯಾವ ದೇಶ ಅಂತ ಕೇಳುತ್ತಾರೆ, ಹೇಳಿದರೆ ಅದು ಎಲ್ಲಿದೆ ಅಂತ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ಊರು ಯಾವುದು ಅಂತ ಕೇಳಿದವರು ನೀವೊಬ್ಬರೇ. ಅದಕ್ಕೇ ಹೇಳಿಬಿಟ್ಟೆ. ನನಗೆ ಸಂತೋಷವಾಗಿತ್ತು."

ಭಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ತೈಮೂರನಿಗೆ ನಿನ್ನೆ ರಾತ್ರಿಯೇ ಹೇಳಿದೆ," ಅಂದಳು ಗುಲ್ಮಿರಾ. ತೈಮೂರ್ ಅವಳ ತಮ್ಮ. "ಬಲಗಿವಿಗೆ ಹಿಡಿದುಕೊಂಡಿದ್ದ ಫೋನು, ಮರೆತು. ನಾನು ಎರಡೆರಡು ಸಲ ಹೇಳಬೇಕಾಯಿತು. ನೀವು ಬರೆಯುತ್ತೀರಾ ಇಲ್ಲವಾ ಅಂತ ಕೇಳಿದ."

"ಬರೆದರೆ ಅವನ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ."

"ಅವರಿಗೆ ಗೊತ್ತಾಗಿ ಆಯಿತು. ಬರೆಯದಿದ್ದರೆ ಅವನು ಅವರ ಕಾಗದದಲ್ಲಿ ಮಾತ್ರ ಇರುತ್ತಾನೆ, ಅಲ್ಲಿ ಒಂದು ರಾತ್ರಿ ಅಂತ ಇದೆ. ನಿಮ್ಮ ಕಾಗದದಲ್ಲೂ ಇರಲಿ. ಪೂರ್ತಿ ಹೆಸರು ಬರೆಯಿರಿ. ಆ ಕರ್ನಲ್ ಕೇಳುವ ಹಾಗೆ ಹೇಳಿ. ನಾಳೆ ಅವನಿಗೇನಾದರೂ ಆದರೆ, ಇವನು ಯಾರೋ ಗೊತ್ತೇ ಇರಲಿಲ್ಲ ಅಂತ ಹೇಳಲು ಯಾರಿಗೂ ಆಗಬಾರದು." ಆಮೇಲೆ, "ಇದು ಅವನ ಮಾತು. ನನ್ನದೂ ಹೌದು," ಅಂದಳು. "ನನ್ನ ಬಸ್ಸು ಬಂತು."

ವ್ಯಾನಿಗೆ ಹಿಂತಿರುಗುವಾಗ ಭಾನುವಿನ ನಡಿಗೆ ಬದಲಾಗಿತ್ತು. ಅದು ಅವಳಿಗೇ ತಿಳಿಯಿತು. ಹೆದರಿಕೆ ಹೋಗಿರಲಿಲ್ಲ, ಆದರೆ ಏನು ಮಾಡಬೇಕೆಂದು ಗೊತ್ತಿರುವವಳ ಹೆದರಿಕೆ ಬೇರೆ. ಕಲಮಜೂ ಹಿಂದೆ ಬಿತ್ತು, ಬ್ಯಾಟಲ್ ಕ್ರೀಕ್, ಆ್ಯನ್ ಆರ್ಬರ್. ಅವಳು ಮಂಡಿಯ ಮೇಲೆ ಕಾಗದವಿಟ್ಟುಕೊಂಡು ವಾಷಿಂಗ್ಟನ್ನಿಗೆ ಕಳಿಸಬೇಕಾದ್ದನ್ನು ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. 'ದುರದೃಷ್ಟವಶಾತ್' ಎಂದು ಬರೆದದ್ದನ್ನು ಹೊಡೆದು ಹಾಕಿದಳು. 'ಸಂಭಾಷಣೆಯ ನಡುವೆ ಊರಿನ ಪ್ರಸ್ತಾಪ ಬಂದಿತು' ಎಂಬುದನ್ನೂ ಹೊಡೆದಳು. ಪ್ರಸ್ತಾಪ ತಾನಾಗಿ ಬರುವುದಿಲ್ಲ, ಬಸ್ಸು ಹತ್ತಿ. ಕೊನೆಗೆ ಉಳಿದದ್ದು: ನಾನು ಕೇಳಿದೆ. ಅಪ್ಪನಷ್ಟು ಚೆಂದದ ಅಕ್ಷರವಲ್ಲ. ವ್ಯಾನಿನ ಕುಲುಕಿಗೆ ಇನ್ನೂ ಸೊಟ್ಟಗಾಗಿತ್ತು.

ಡೆಟ್ರಾಯಿಟಿನ ಅಂಚಿನ ಸೌತ್‌ಫೀಲ್ಡಿನ ಹದಿನಾಲ್ಕನೆಯ ಮಹಡಿಯ ಕೋಣೆಯಲ್ಲಿ ಒಂದು ಗಂಟೆಗೆ ಸಭೆ ಶುರುವಾಯಿತು. ಕೊನೆಯ ಸಭೆ; ನೋಡಿದ್ದೇನು, ಕಲಿತದ್ದೇನು, ಮುಂದಿನ ವರ್ಷ ಏನು. ಗೋಡೆಯ ಪರದೆಯ ಮೇಲೆ ವಾಷಿಂಗ್ಟನ್ನಿನ ಅಧಿಕಾರಿ ಕರಣ್. ಇಲ್ಲೇ ಹುಟ್ಟಿ ಬೆಳೆದ ಮೂವತ್ತೆರಡರ ಹುಡುಗ. ಮೊದಲ ಭೇಟಿಯಲ್ಲಿ ಭಾನು ಅವನನ್ನೂ ಊರು ಯಾವುದು ಅಂತ ಕೇಳಿದ್ದಳು. ಅವನು ಸಪ್ಪಗೆ "ನೇಪರ್‌ವಿಲ್" ಎಂದು ಚಿಕಾಗೋ ಪಕ್ಕದ ಊರೊಂದರ ಹೆಸರು ಹೇಳಿ ಮುಂದಿನ ವಿಷಯಕ್ಕೆ ಹೋಗಿದ್ದ, ತಾನು ಏನೋ ಅಸಭ್ಯವಾದದ್ದು ಆಡಿದೆ ಎಂದು ಅವಳಿಗೆ ಮನೆಗೆ ಬಂದ ಮೇಲೆ ಹೊಳೆದಿತ್ತು. ಈಗ ಅವನ ಮುಂದೆಯೇ ಹೇಳಬೇಕು. ಕರ್ನಲ್ ಧನ್ಯವಾದದ ಮಾತು ಮುಗಿಸಿ ಕೂತ. ಗಂಟೆ ಒಂದು ಇಪ್ಪತ್ತು, ಚಿಕಾಗೋದಲ್ಲಿ ಹನ್ನೆರಡು ಇಪ್ಪತ್ತು. ಭಾನು ಎದ್ದು ನಿಂತಳು.

"ಕಾರ್ಯಸೂಚಿಯಲ್ಲಿ ಇಲ್ಲದ ಒಂದು ವಿಷಯ ಇದೆ," ಅಂದಳು. "ನಿನ್ನೆ ಸ್ಕೋಕಿಯಲ್ಲಿ ಊಟದ ಹೊತ್ತಿನಲ್ಲಿ, ನಮ್ಮ ಮುಂದೆ ಮಾತಾಡಿದ ಹೆಣ್ಣುಮಗಳ ಊರನ್ನು ನಾನು ಎಲ್ಲರೆದುರು ಕೇಳಿದೆ. ಕೇಳಬಾರದೆಂದು ನಿಯಮ ಬರೆದವಳೂ ನಾನೇ. ಅದರಿಂದ ಒಬ್ಬ ಮನುಷ್ಯ ಅಪಾಯಕ್ಕೆ ಸಿಕ್ಕಿದ್ದಾನೆ. ನಿಯಮದ ಪ್ರಕಾರ ಈ ಸಭೆ ಮುಗಿದ ಮೇಲೆ ನಾನು ಕಾರ್ಯಕ್ರಮದಲ್ಲಿ ಇರುವುದಿಲ್ಲ. ಸಭೆ ಇನ್ನೂ ಮುಗಿದಿಲ್ಲ." ಪರದೆಯ ಮೇಲೆ ಕರಣ್ ಮುಂದಕ್ಕೆ ಬಾಗಿ, ಭಾನು, ಇದನ್ನು ನಾವಿಬ್ಬರೇ ಮಾತಾಡೋಣ ಎಂದು ಏನೋ ಹೇಳತೊಡಗಿದ. ಅವಳು ಕೈ ಎತ್ತಿ ತಡೆದಳು. ದುಭಾಷಿ ತನ್ನ ಮಾತನ್ನು ಅನುವಾದಿಸಿ ಮುಗಿಸಲೆಂದು ಭಾನು ಕಾದಳು. "ಆ ಮನುಷ್ಯನ ಹೆಸರು ತೈಮೂರ್ ಅಸಾನೊವ್. ಚಿನ್‌ಬುಲಾಕಿನ ಎಲೆಕ್ಟ್ರೀಷಿಯನ್. ಮೂವತ್ತನಾಲ್ಕು ವರ್ಷ. ಅವನನ್ನು ಮೂರು ದಿನ ಇಟ್ಟುಕೊಂಡು ಒಂದು ರಾತ್ರಿ ಅಂತ ಬರೆದಿದ್ದಾರೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಆ ರಿಜಿಸ್ಟರಿನ ಪುಟವನ್ನು ತರಿಸಿ ನೋಡಬೇಕೆಂದು ಕರ್ನಲ್ ಅವರನ್ನು ಕೇಳುತ್ತೇನೆ. ಇವತ್ತಿನಿಂದ ಅವನು ಹೇಗಿದ್ದಾನೆಂದು ಪ್ರತಿ ತಿಂಗಳೂ ವಿಚಾರಿಸಬೇಕೆಂದು ವಾಷಿಂಗ್ಟನ್ನನ್ನು ಕೇಳುತ್ತೇನೆ. ಎರಡೂ ನಡಾವಳಿಯಲ್ಲಿ ಬರಬೇಕು." ಹೆಸರಿನ ಅಕ್ಷರಗಳನ್ನು ಒಂದೊಂದಾಗಿ, ನಿಧಾನವಾಗಿ, ಸ್ಕೂಲಿನ ಮೇಷ್ಟ್ರಂತೆ ಹೇಳಿದಳು. ಪರದೆಯ ಮೇಲೆ ಕರಣ್ ಈಗ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಕರ್ನಲ್ ಕೂಡ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದಿದ್ದ.

ಕಲ್ಮೇಶನ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ನಿಂತಿದ್ದವು. ಅವನು ಮೆಲ್ಲಗೆ ಕನ್ನಡದಲ್ಲಿ ಕೇಳಿದ, "ಮೇಡಂ, ಟೈಮ್ ಏನಂತ ಹಾಕ್ಲಿ? ಈಗಿಂದಾ?"

"ನಿನ್ನೆ ಹನ್ನೆರಡು ನಲವತ್ತು. ಚಿಕಾಗೋ ಟೈಮ್."

ಅವನು ಹಾಕಿದ. ಕರ್ನಲ್ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ. ಅವನ ಮುಖದಲ್ಲಿ ಸಿಟ್ಟಿದೆಯೇ ಎಂದು ಭಾನು ನೋಡಿದಳು. ದಣಿವಿತ್ತು, ಮತ್ತು ಅಪ್ಪ ಡೈರಿ ಮುಚ್ಚುವಾಗ ಇರುತ್ತಿದ್ದಂಥ ಒಂದು ತಾಳ್ಮೆ. "ಪುಟ ತರಿಸುತ್ತೇನೆ," ಅಂದ. "ಏನಿರುತ್ತದೋ ನನಗೆ ಗೊತ್ತಿಲ್ಲ." ಆಮೇಲೆ ಪುಸ್ತಕವನ್ನು ಜೇಬಿಗೆ ಹಾಕದೆ, ದುಭಾಷಿಗೆ ಕಾಯದೆ, ಇಂಗ್ಲಿಷಿನಲ್ಲಿಯೇ, "ಮೇಡಂ ಭಾನು, ಹತ್ತು ದಿನದಿಂದ ನೀವು ಎಲ್ಲರನ್ನೂ ಕೇಳುತ್ತಿದ್ದೀರಿ. ನಿಮ್ಮನ್ನು ಯಾರೂ ಕೇಳಲಿಲ್ಲ. ನಿಮ್ಮದು ಯಾವ ಊರು?" ಎಂದ.

ಅದು ಉಪಚಾರವಿರಬಹುದು, ಚುಚ್ಚುಮಾತಿರಬಹುದು, ನನಗೂ ಜನ ಗೊತ್ತು ಎಂಬ ಎಚ್ಚರಿಕೆಯಿರಬಹುದು. ಯಾವುದಾದರೂ ಆಗಲಿ, ಉತ್ತರ ಒಂದೇ ಎಂದು ಅವಳಿಗೆ ಅನ್ನಿಸಿತು, ಬಹಳ ದಿನದ ಮೇಲೆ ಮನಸ್ಸು ಹಗುರಾಯಿತು.

"ಮದ್ದಿನಕೆರೆ," ಅಂದಳು. "ಕರ್ನಾಟಕದ ಸಣ್ಣ ಊರು. ನಮ್ಮಪ್ಪ ಅಲ್ಲಿಯ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದರು. ಯಾರು ಯಾವಾಗ ಬಂದರು ಅಂತ ಬರೆಯುತ್ತಿದ್ದವರು ಅವರೇ. ಒಬ್ಬ ಮನುಷ್ಯ ನಮ್ಮ ಕಣ್ಣ ಮುಂದೆಯೇ ಬೆಂಚಿನ ಮೇಲೆ ಕೂತಿದ್ದಾಗ, ಅವನಿನ್ನೂ ಬಂದಿಲ್ಲ ಅಂತ ಹೇಳಿ ಸಾಲು ಖಾಲಿ ಬಿಟ್ಟಿದ್ದರು. ನನ್ನ ಕೈಯಲ್ಲಿ ಉಪ್ಪಿಟ್ಟಿತ್ತು. ನಾನೂ ಅವನನ್ನು ನೋಡದೆ ಹೋದೆ."

ಕೀಬೋರ್ಡಿನ ಸದ್ದು ನಿಂತಿತು. ಕಲ್ಮೇಶ್ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

"ಇದನ್ನೂ ಬರ್ಕೊಳ್ಳಿ, ಕಲ್ಮೇಶ್," ಅಂದಳು ಭಾನು. "ಟೈಮ್ ಹಾಕಿ."